ಸಂತೆಯ ಮುಂದಿನ ಸಾಲು

ಕೊಣನೂರು ಸಂತೆಯ ಮುಂದಿನ ಸಾಲಿನಲ್ಲಿ, ಸೊಪ್ಪು ತರಕಾರಿಗಳ ನಡುವೆ, ಬಿಂದುಶ್ರೀ ಟಾರ್ಪಾಲು ಹಾಸಿ ಒಣಮೀನಿನ ಮೂಟೆ ಬಿಚ್ಚಿದಳು. ಪಕ್ಕದಲ್ಲಿ ತೆಂಗಿನಕಾಯಿ ಮಾರುತ್ತಿದ್ದ ಕೆಂಪಣ್ಣ ಮೂಗಿಗೆ ಟವೆಲು ಹಿಡಿದ.

“ಮೀನ್ನೋರ ಜಾಗ ಇಂದ್ಗಡೆ, ಮೋರಿತಾವ ಕಣವ್ವ. ನಿಮ್ಮತ್ತೆ ಅಲ್ಲೇ ತಾನೆ ಕುಂತ್ಕತಿದ್ದಿದ್ದು?”

“ಅತ್ತೆ ಕುಂತ್ಕತಿದ್ರು. ನಾನು ಮಲ್ಪೆ ಬಂದರ್‌ನಲ್ಲಿ ಕೆಲ್ಸ ಮಾಡ್ಕಂಡಿದ್ದೋಳು ಕಣಣ್ಣ. ಅಲ್ಲಿ ಮೀನ್ ಮಾರೋ ಎಂಗಸ್ರು ಪ್ಯಾಟೆ ನಡುಮಧ್ಯೆ ಕುಂತು ಗಿರಾಕಿಗಳ್ನ ಕೂಗಿ ಕರೀತಾರೆ. ಯಾರೂ ಮೂಗು ಮುಚ್ಕಳಕಿಲ್ಲ.” ಒಣ ಬಂಗುಡೆ ಮೀನುಗಳನ್ನು ಸಾಲಾಗಿ ಜೋಡಿಸುತ್ತಲೇ ಅವಳು ಹೇಳಿದಳು. “ನಾನಂತೂ ಎದ್ದೋಗಕಿಲ್ಲ.”

ಅಷ್ಟರಲ್ಲಿ ಕೆಂಪಣ್ಣನ ಹೆಂಡತಿ ಪುಟ್ಟತಾಯಮ್ಮ ಬ್ಯಾಗು ಹಿಡಿದು ಬಂದಳು. ವಾರವಾರವೂ ಮೋರಿಯ ಬಳಿ ಬಿಂದುಶ್ರೀಯ ಅತ್ತೆಯಿಂದ ಒಣಮೀನು ಕೊಂಡು, ಯಾರಿಗೂ ಕಾಣದಂತೆ ಮೇಲೆ ದಂಟಿನ ಸೊಪ್ಪು ಮುಚ್ಚಿ ಮನೆಗೆ ಒಯ್ಯುವುದು ಅವಳ ರೂಢಿ. ಇವತ್ತು ಅಲ್ಲಿ ಆಕೆ ಕಾಣದೆ ಬರೀ ಸೊಪ್ಪು ಕೊಂಡಿದ್ದಳು. ಬಂಗುಡೆಯ ಸಾಲನ್ನು ನೋಡಿದಳು, ಗಂಡನ ಮೂಗಿನ ಮೇಲಿದ್ದ ಟವೆಲನ್ನೂ ನೋಡಿದಳು. ಆಮೇಲೆ ಬಿಂದುಶ್ರೀಯ ಎದುರು ಕುಕ್ಕರುಗಾಲಲ್ಲಿ ಕುಳಿತು ಬ್ಯಾಗಿನ ಬಾಯಿ ಅಗಲಿಸಿದಳು. ಸೊಪ್ಪನ್ನು ಪಕ್ಕಕ್ಕೆ ಸರಿಸಲಿಲ್ಲ.

“ಮ್ಯಾಲೇ ಹಾಕವ್ವ,” ಎಂದಳು.