ಬಾರ್ಜ್ ನಿಂತ ಹೊತ್ತು

ತೈಸ್ತೊ ತೀರಿಕೊಂಡ ಸುದ್ದಿಯನ್ನು ಆರ್ವಿಗೆ ಮುಟ್ಟಿಸಿದವಳು ಅಂಗಡಿಯ ಹಿಲ್ಮಾ. ಪಾಳಿ ಒಪ್ಪಿಸಲು ಅವನು ದ್ವೀಪದ ದಡದಲ್ಲಿ ಕಾಯುತ್ತಿದ್ದಾಗ, ಹಾಲಿನ ವ್ಯಾನಿನ ಗಾಜು ಇಳಿಸಿ ಹೇಳಿದಳು: “ತೈಸ್ತೊ ಬರಲ್ಲ ಕಣೋ. ಬೂಟು ಹಾಕ್ಕೊಳ್ತಾ ಕೂತೋನು ಹಾಗೇ ಒರಗಿಬಿಟ್ಟನಂತೆ. ಹೆಂಡ್ತಿ ಲೆಂಪಿ ಈಗ ಫೋನ್ ಮಾಡಿದ್ಲು.”

ಆರ್ವಿ ಬಾರ್ಜನ್ನು ಮತ್ತೆ ನೀರಿಗೆ ಬಿಟ್ಟ. ಆ ಕೊಲ್ಲಿಗೆ ಸೇತುವೆಯಿಲ್ಲ. ಉಕ್ಕಿನ ಹಗ್ಗ ಹಿಡಿದು, ವಾಹನಗಳನ್ನು ಹೊತ್ತು ಸಾಗುವ ರಸ್ತೆ ಇಲಾಖೆಯ ಹಳದಿ ಬಾರ್ಜೇ ದ್ವೀಪದವರಿಗೆ ರಸ್ತೆ. ನಡೆಸುವವರು ಆರ್ವಿ, ತೈಸ್ತೊ ಇಬ್ಬರೇ. ಒಬ್ಬ ಹತ್ತಿದರೆ ಇನ್ನೊಬ್ಬ ಇಳಿಯಬೇಕು. ಅಷ್ಟು ವರ್ಷಗಳ ಗೆಳೆತನವೆಲ್ಲ ಪಾಳಿ ಬದಲಾಗುವ ಹೊತ್ತಿನ ನಾಲ್ಕು ಮಾತಿನಲ್ಲೇ ಬೆಳೆದದ್ದು.

ಮಣ್ಣು ಮಾಡುವುದು ಶನಿವಾರ ಎಂದು ತಿಳಿದಾಗ ಆರ್ವಿ ಕಚೇರಿಗೆ ಫೋನ್ ಮಾಡಿ ರಜೆ ಕೇಳಿದ.

“ಅವರು ನಿಮಗೇನಾಗಬೇಕು?” ಅಧಿಕಾರಿಣಿಯ ದನಿ ಮೆತ್ತಗಿತ್ತು.

“ಏನೂ ಆಗಬೇಕಾಗಿಲ್ಲ. ಜೊತೆ ಕೆಲಸದವನು.”

“ಸಾವಿನ ರಜೆ ಮನೆಯೋರಿಗೆ ಮಾತ್ರ ಆರ್ವಿ. ಬೇರೆ ರಜೆ ಕೊಡೋಣ ಅಂದ್ರೆ ನಿಮ್ಮ ಜಾಗಕ್ಕೆ ಕಳಿಸೋಕೆ ಯಾರೂ ಇಲ್ಲ. ಬಾರ್ಜ್ ನಿಲ್ಲಿಸೋ ಹಾಗಿಲ್ಲವಲ್ಲ. ಕ್ಷಮಿಸಿ.”

ಅವಳದೇನೂ ತಪ್ಪಿರಲಿಲ್ಲ. ಗೆಳೆಯನ ಪೆಟ್ಟಿಗೆಯನ್ನು ದಾಟಿಸಿ, ಆಚೆ ದಡದ ಚರ್ಚಿನ ಕಡೆ ಅದು ಹೋಗುವುದನ್ನು ನೋಡಿ ಹಿಂತಿರುಗುವುದಷ್ಟೇ ತನ್ನ ಪಾಲು ಎಂದು ಆರ್ವಿ ಮನಸ್ಸು ಗಟ್ಟಿ ಮಾಡಿಕೊಂಡ.

ಶನಿವಾರ ಶವದ ಕಾರು ಬಂದು ಬಾರ್ಜ್ ಏರಿದಾಗ ಅವನು ಮಧ್ಯಾಹ್ನದ ವಿರಾಮದ ಹಲಗೆಯನ್ನು ಕಂಬಕ್ಕೆ ತೂಗುಹಾಕುತ್ತಿದ್ದ. ಮುಜುಗರದಿಂದ ತೆಗೆಯಲು ಕೈಚಾಚಿದ.

“ತೆಗೀಬೇಡ,” ಎಂದಳು ತೈಸ್ತೊನ ಹೆಂಡತಿ ಲೆಂಪಿ. “ಈ ಹೊತ್ತು ನೋಡ್ಕೊಂಡೇ ಬಂದಿದ್ದೀವಿ. ನೀನು ಚರ್ಚಿಗೆ ಬರೋ ಹಾಗಿಲ್ಲವಂತೆ. ಅದಕ್ಕೆ ಇಲ್ಲೇ ಪ್ರಾರ್ಥನೆ ಮಾಡ್ಸೋಣ ಅಂತ, ಬೆಳಿಗ್ಗೆ ನೀನು ದಾಟಿಸಿದ ಪಾದ್ರಿಯಮ್ಮನ್ನೇ ಕರ್ಕೊಂಡು ಬಂದೆ. ಈ ಅರ್ಧ ಗಂಟೆ ಅವನು ಕೊಡಿಸಿದ್ದು ತಾನೇ?”

ನಿಜ. ಮುಂಚೆ ಬಾರ್ಜಿನವರು ಒಂದು ಕೈಯಲ್ಲಿ ಎಂಜಿನ್ನಿನ ಹಿಡಿಕೆ, ಇನ್ನೊಂದರಲ್ಲಿ ರೊಟ್ಟಿ ಹಿಡಿದು ದುಡಿಯುತ್ತಿದ್ದರು. ತೈಸ್ತೊ ವರ್ಷಗಟ್ಟಲೆ ಇಲಾಖೆಯೊಡನೆ ಜಗ್ಗಾಡಿ ಈ ವಿರಾಮ ಪಡೆದ. ದ್ವೀಪದವರು ಸಿಟ್ಟಾದರು. “ನಿನ್ನ ಕಾಫಿ ಮುಗಿಯೋ ಹೊತ್ತಿಗೆ ನನ್ನ ಹಾಲು ಮೊಸರಾಗತ್ತೆ ಕಣೋ!” ಎಂದು ಕೂಗಿ, ವಿರಾಮ ಮುಗಿಯುವ ತನಕ ಹಾರನ್ ಒತ್ತುತ್ತಿದ್ದವಳು ಹಿಲ್ಮಾ. ಅವಳ ವ್ಯಾನು ಈಗ ಶವದ ಕಾರಿನ ಹಿಂದೆಯೇ ನಿಂತಿತ್ತು.

ಆರ್ವಿ ಎಂಜಿನ್ ಆರಿಸಿದ. ಹಗ್ಗದ ನರಳಾಟ ನಿಂತಿತು. ದಿನವೂ ಈ ಹೊತ್ತಿಗೆ ಚಾಲಕನ ಗೂಡಿನೊಳಗೆ ರೇಡಿಯೊ ಹಚ್ಚಿ ಕೂರುತ್ತಿದ್ದ ಅವನು ಆ ಮೌನವನ್ನು ಎಂದೂ ಕೇಳಿರಲಿಲ್ಲ. ಅಲೆಯೊಂದು ಕಬ್ಬಿಣವನ್ನು ಮುಟ್ಟಿ ಹಿಂದೆ ಸರಿಯಿತು. ಆಚೆ ದಡದ ಪೈನ್ ಮರಗಳ ಗಾಳಿ ಕಿವಿಗೆ ಬಂತು. ಇಷ್ಟು ದೊಡ್ಡದೊಂದು ಸನ್ನಿಧಿ ದಿನವೂ ತನ್ನ ಪಕ್ಕದಲ್ಲೇ ಇತ್ತೇ ಎಂದು ಅವನ ಮೈ ಜುಮ್ಮೆಂದಿತು. ಟೋಪಿ ತೆಗೆದ.

ಪೆಟ್ಟಿಗೆಯನ್ನು ಕಾರಿನಿಂದ ಬಾರ್ಜಿನ ನೆಲಕ್ಕೆ ಇಳಿಸಿದ ಮೇಲೆ ಪಾದ್ರಿಯಮ್ಮ ಕೋಟಿನ ಜೇಬು ತಡವಿದರು. ಪೆಟ್ಟಿಗೆಯ ಮೇಲೆ ಹಾಕುವ ಮಣ್ಣು ಚರ್ಚಿನಲ್ಲೇ ಉಳಿದಿತ್ತು. ಆರ್ವಿ ಕಟಕಟೆಯ ಬಳಿಯಿದ್ದ ಮರಳಿನ ಡಬ್ಬ ತೆರೆದ. ಹಿಮದಲ್ಲಿ ಜನ ಜಾರಬಾರದೆಂದು ಚೆಲ್ಲುವ ಮರಳು. ಹೋದ ವಾರವಷ್ಟೇ ತೈಸ್ತೊ ತುಂಬಿಸಿಟ್ಟದ್ದು. ಪಾದ್ರಿಯಮ್ಮ ಅದನ್ನೇ ಮೂರು ಬಾರಿ ಶಿಲುಬೆಯಾಕಾರದಲ್ಲಿ ಉದುರಿಸಿದರು.

ಎಲ್ಲರೂ ಕೂಡಿ ಹಾಡುತ್ತಿದ್ದ ಕೀರ್ತನೆ ಇನ್ನೂ ನಡೆದಿರುವಾಗಲೇ ವಿರಾಮ ಮುಗಿಯಿತು. ಆಚೆ ದಡದಲ್ಲಿ ಒಂದು ಕಾರು ಬಾರ್ಜನ್ನು ಕರೆಯಲು ದೀಪ ಹಾಕಿತು. ಆರ್ವಿಯ ಕೈ ಅಭ್ಯಾಸಬಲದಿಂದ ಹಿಡಿಕೆಯತ್ತ ಹೋಯಿತು. ಹಿಲ್ಮಾ ಅವನ ತೋಳು ಹಿಡಿದಳು.

“ನಿಂತ್ಕೊಳೋ. ಹಾಲು ಮೊಸರಾದ್ರೆ ಆಗ್ಲಿ.”

ಆಚೆಯ ಕಾರಿನ ದೀಪ ಆರಿತು. ಯಾರೋ ಇಳಿದು, ತಲೆ ಬಗ್ಗಿಸಿ ನೀರಿನಂಚಿಗೆ ಬಂದು ನಿಂತರು.

ಕೀರ್ತನೆ ಮುಗಿದ ಮೇಲೆ ಹಿಲ್ಮಾ ಮುಂದೆ ಬಂದು, ಒದ್ದೆ ಹಲಗೆಯ ಮೇಲೆ ಮೊಣಕಾಲೂರಿ, ಪೆಟ್ಟಿಗೆಯ ಅಂಚಿಗೆ ಹಣೆ ಹಚ್ಚಿದಳು.

“ದೇವರೇ, ಇವನಿಗೆ ಶಾಂತಿ ಕೊಡಪ್ಪಾ. ನಿನ್ನ ಹತ್ತಿರ ಇವನು ಕೂತು ದಣಿವಾರಿಸ್ಕೊಳ್ಳೋವಾಗ, ಯಾರೂ ಹಾರನ್ ಹೊಡೀದೆ ಇರ್ಲಿ. ಆಮೆನ್.”