ಕೂಗದ ಕುಕ್ಕರ್

ಜರ್ಮನಿಯಲ್ಲಿ ಭಾನುವಾರ ಗದ್ದಲ ಮಾಡುವಂತಿಲ್ಲ ಎಂದು ತಿಳಿದದ್ದೇ ತಡ, ಅನಘಾಳ ಜೀವ ಬಾಯಿಗೆ ಬಂತು. ಓದಲು ಬಂದಾಗಿನಿಂದ ಪ್ರತಿ ಭಾನುವಾರ ಬೆಳಿಗ್ಗೆಯೂ ಅವಳ ಕುಕ್ಕರ್ ಮೂರು ಸಲ ಕೂಗಿತ್ತು.

"ಕೆಳಗಿನ ಮನೆ ಅಜ್ಜಿ ದೂರು ಕೊಟ್ಟರೆ ರೂಮು ಹೋಯ್ತು ಕಣೇ," ಎಂದಳು ಜೊತೆಗಿದ್ದ ಮೈತ್ರಿ.

ಆ ಭಾನುವಾರ ಅನಘಾ ಅನ್ನವನ್ನು ಪಾತ್ರೆಯಲ್ಲೇ ಬೇಯಿಸಿದಳು. ಸೌಟನ್ನೂ ಸದ್ದಾಗದಂತೆ ಕೆಳಗಿಟ್ಟಳು. ಆದರೂ ಯಾರೋ ಬಾಗಿಲು ದಬದಬ ಬಡಿದರು.

ನೋಡಿದರೆ ಅದೇ ಅಜ್ಜಿ, ಮುಖ ಕೆಂಪಗಿತ್ತು. "ಎಲ್ಲಿ ನಿಮ್ಮ ಆ ಕೂಗುವ ಪಾತ್ರೆ?"

"ಕ್ಷಮಿಸಿ, ಇನ್ನು ಯಾವತ್ತೂ ಕೂಗಿಸುವುದಿಲ್ಲ," ಎಂದಳು ಅನಘಾ.

"ಕೂಗಿಸುವುದಿಲ್ಲವೇ?" ಅಜ್ಜಿ ಕಲ್ಲಿನಂತೆ ಬೆಂದಿದ್ದ ಮೊಟ್ಟೆಯೊಂದನ್ನು ಅವಳ ಕೈಗಿಟ್ಟರು. "ಮೂರನೇ ಕೂಗಿಗೆ ನಾನು ಒಲೆ ಆರಿಸುವುದು. ಕಾದೂ ಕಾದೂ ಹೀಗಾಗಿದೆ. ಇದನ್ನಿನ್ನು ನೀವೇ ತಿನ್ನಿ."