ಕಂಬಳಿ ಹೊಲಿಯುವ ದಬ್ಬಣ

“ಬಿಡಬೇ! ಅಕ್ರಿಲಿಕ್ ಐತಿ, ಸೀಳ್ತೈತಿ!” ದುಂಡೇಶ ಚಹಾ ಕಪ್ಪನ್ನು ತಂಗಿ ಪೂನಮ್‌ಳ ಕಂಪ್ಯೂಟರ್ ಟೇಬಲ್ ಮೇಲೆ ಕುಕ್ಕಿದ.

ಸಿಪಿಯು ಡಬ್ಬಿಗೆಂದು ತಂದ ಎರಡು ಅಕ್ರಿಲಿಕ್ ಶೀಟುಗಳಲ್ಲಿ ಒಂದು ನಿನ್ನೆ ಅವನ ಡ್ರಿಲ್ಲಿಗೇ ಸೀಳಿತ್ತು. ಇದೂ ಹೋದರೆ ಫ್ಯಾನ್ ಕೂಡಿಸಲು ಜಾಗವಿಲ್ಲ. ಕಾದು ಕಾದು ಬಂದಾಗುವ ಕಂಪ್ಯೂಟರ್ ಇಟ್ಟುಕೊಂಡು ಬೀಳಗಿಯಲ್ಲಿ ಟೈಪಿಂಗ್ ಅಂಗಡಿ ಬೇಡವೆಂದು ಅವನು ಆಗಲೇ ತೀರ್ಪು ಕೊಟ್ಟಿದ್ದ.

ಪೂನಮ್ ತಲೆ ಎತ್ತಲಿಲ್ಲ. ಅವ್ವ ಕಂಬಳಿ ಹೊಲಿಯುವ ದಬ್ಬಣವನ್ನು ಸ್ಟೋವಿನಲ್ಲಿ ಮತ್ತೆ ಮತ್ತೆ ಕೆಂಪಗೆ ಕಾಯಿಸಿ, ಫ್ಯಾನಿನ ಅಳತೆಗೆ ಶೀಟಿನ ಮೇಲೆ ಎಳೆದ ದುಂಡನೆಯ ಗೆರೆಗುಂಟ ಒಂದಕ್ಕೊಂದು ತಾಗುವಂತೆ ತೂತು ಚುಚ್ಚಿದಳು. ಕಡೆಯ ತೂತು ಮೊದಲನೆಯದನ್ನು ಮುಟ್ಟಿದ್ದೇ ತಡ, ನಡುವಿನ ಬಿಲ್ಲೆ ಟಪ್ಪನೆ ಕಳಚಿ ಬಿತ್ತು. ಶೀಟು ಎಲ್ಲಿಯೂ ಸೀಳಿರಲಿಲ್ಲ.

ಅಣ್ಣನ ಕಪ್ಪೆತ್ತಿ ಅದರ ಕೆಳಗೆ ಆ ಬಿಲ್ಲೆಯನ್ನಿಟ್ಟಳು.

“ಇನ್ಮ್ಯಾಲೆ ಇದರ ಮ್ಯಾಲ ಇಡಪಾ ಅಣ್ಣಾ. ನನ್ನ ಟೇಬಲ್ಲಿಗೆ ಚಹಾದ ಡಾಗ ಬೀಳ್ತೈತಿ.”